ಜೈಲಿನಲ್ಲಿ ವ್ಯಸನ ಚಿಕಿತ್ಸೆ: ಒಳಬಂದ ಮೊದಲ ರಾತ್ರಿಯಿಂದ ಹೊರಹೋದ ಎರಡನೇ ವಾರದವರೆಗೆ

"ಒಳಗೆ ಹಾಕಿದರೆ ಚಟ ತಾನಾಗಿಯೇ ಬಿಟ್ಟುಹೋಗುತ್ತದೆ" ಎಂದು ಪೊಲೀಸರು ಹೇಳುತ್ತಾರೆ, ಬೇಸತ್ತ ಮನೆಯವರು ಹೇಳುತ್ತಾರೆ, ಕೆಲವು ವೈದ್ಯರೂ ಹೇಳುತ್ತಾರೆ. ಈ ನಂಬಿಕೆಗೆ ಜೀವಗಳು ಬಲಿಯಾಗಿವೆ. ಮದ್ಯ ಸಿಗದ ಮೂರನೇ ದಿನ ಸನ್ನಿ ಹಿಡಿದು ಸಾಯುವವರಿದ್ದಾರೆ. ತಿಂಗಳುಗಟ್ಟಲೆ ಹೆರಾಯಿನ್ ಮುಟ್ಟದೆ ಇದ್ದು, ಹೊರಬಂದ ವಾರವೇ ಹಳೆಯ ಪ್ರಮಾಣದಲ್ಲಿ ತೆಗೆದುಕೊಂಡು ಉಸಿರು ನಿಲ್ಲುವವರಿದ್ದಾರೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಜೈಲುಗಳಿಂದ ಬಿಡುಗಡೆಯಾದವರ ಕುರಿತು 2007ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಹೊರಬಂದ ಮೊದಲ ಎರಡು ವಾರಗಳಲ್ಲಿ ಮಾದಕವಸ್ತುವಿನ ಮಿತಿಮೀರಿದ ಸೇವನೆಯಿಂದ ಅವರು ಸಾಯುವ ಅಪಾಯ ಆ ರಾಜ್ಯದ ಉಳಿದ ಜನರಿಗಿಂತ 129 ಪಟ್ಟು ಹೆಚ್ಚಿತ್ತು.

ಹೀಗಾಗಿ ಈ ಮಾರ್ಗದರ್ಶಿಯಲ್ಲಿ ಎರಡು ಅವಧಿಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ: ಒಳಬಂದ ಮೊದಲ ಮೂರ್ನಾಲ್ಕು ದಿನ ಮತ್ತು ಹೊರಹೋದ ಮೊದಲ ಎರಡು ವಾರ. ಜೈಲಿನ ವೈದ್ಯಾಧಿಕಾರಿ, ನರ್ಸ್, ಆಪ್ತಸಮಾಲೋಚಕರು, ಅಧೀಕ್ಷಕರು, ಕಾನೂನು ಸೇವಾ ಪ್ರಾಧಿಕಾರದ ಸ್ವಯಂಸೇವಕರು ಓದಲೆಂದು ಇದನ್ನು ಬರೆದಿದ್ದೇನೆ. ಔಷಧದ ಪ್ರಮಾಣ ನಿರ್ಧರಿಸುವುದು ಪ್ರತಿ ರೋಗಿಯನ್ನು ಕಂಡ ವೈದ್ಯರ ಕೆಲಸ. ಇಲ್ಲಿ ಕೊಟ್ಟಿರುವ ಅಂಕಿಗಳು ವ್ಯವಸ್ಥೆಯನ್ನು ಅರ್ಥ ಮಾಡಿಕೊಳ್ಳಲು ಮಾತ್ರ.

ಶುರುಮಾಡುವ ಮೊದಲು: ಕೈಯಲ್ಲಿರಬೇಕಾದ ಕಾನೂನು

ಜೈಲಿನಲ್ಲಿ ಹೊಸದೇನನ್ನು ಮಾಡಹೊರಟರೂ ಮೊದಲು ಎದುರಾಗುವ ಪ್ರಶ್ನೆ "ಇದಕ್ಕೆ ಆದೇಶ ಎಲ್ಲಿದೆ?" ಎಂಬುದು. ಉತ್ತರ ಸಿದ್ಧವಿರಲಿ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017, ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಸ್ಥಿತಿಗಳನ್ನು ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ಜೈಲಿನ ಎಲ್ಲ ವೈದ್ಯಾಧಿಕಾರಿಗಳಿಗೆ ಮೂಲಭೂತ ಮತ್ತು ತುರ್ತು ಮಾನಸಿಕ ಚಿಕಿತ್ಸೆಯ ತರಬೇತಿ ಕೊಡಬೇಕೆಂದು ಅದರ 31ನೇ ಕಲಂ ಹೇಳುತ್ತದೆ. ಪ್ರತಿ ರಾಜ್ಯದ ಒಂದು ಜೈಲಿನ ವೈದ್ಯಕೀಯ ವಿಭಾಗದಲ್ಲಾದರೂ ಮಾನಸಿಕ ಆರೋಗ್ಯ ಕೇಂದ್ರ ಇರಬೇಕೆಂದು 103ನೇ ಕಲಂ ವಿಧಿಸುತ್ತದೆ. ವಿಶ್ವಸಂಸ್ಥೆ 2015ರಲ್ಲಿ ಅಂಗೀಕರಿಸಿದ ನೆಲ್ಸನ್ ಮಂಡೇಲಾ ನಿಯಮಗಳ ಪ್ರಕಾರ ಕೈದಿಗೆ ಹೊರಗಿನ ಪ್ರಜೆಗೆ ಸಿಗುವ ಮಟ್ಟದ ಚಿಕಿತ್ಸೆಯೇ ಸಿಗಬೇಕು. ಮಾದಕ ವ್ಯಸನದ ಚಿಕಿತ್ಸೆ ನಡುವೆ ಕಡಿಯಬಾರದು ಎಂದೂ 24ನೇ ನಿಯಮದಲ್ಲಿ ಬರೆದಿದೆ.

ಎನ್‌ಡಿಪಿಎಸ್ ಎಂಬ ಮಾದಕವಸ್ತು ನಿಯಂತ್ರಣ ಕಾಯ್ದೆ 1985ರಲ್ಲೂ ಕಡಿಮೆ ಬಳಕೆಯಾಗುವ ಎರಡು ಬಾಗಿಲುಗಳಿವೆ. ಮಾದಕವಸ್ತು ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ತಪ್ಪಿತಸ್ಥನಾದ ವ್ಯಸನಿಯನ್ನು, ಅವನ ಒಪ್ಪಿಗೆಯ ಮೇಲೆ, ಶಿಕ್ಷೆಯ ಬದಲು ಚಿಕಿತ್ಸೆಗೆ ಕಳಿಸುವ ಅಧಿಕಾರ 39ನೇ ಕಲಂ ಅಡಿಯಲ್ಲಿ ನ್ಯಾಯಾಲಯಕ್ಕಿದೆ. ಅಂಥದೇ ಆರೋಪ ಎದುರಿಸುವ ವ್ಯಸನಿ ಸ್ವಇಚ್ಛೆಯಿಂದ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ 64ಎ ಕಲಂ ಅವನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆಯನ್ನು ಪೂರ್ಣಗೊಳಿಸದಿದ್ದರೆ ಆ ರಕ್ಷಣೆಯನ್ನು ಹಿಂಪಡೆಯಬಹುದು. ಈ ಎರಡು ಕಲಂಗಳ ಬಗ್ಗೆ ಪ್ರತಿ ಹೊಸ ಕೈದಿಗೂ ಅವನ ಭಾಷೆಯಲ್ಲಿ ತಿಳಿಸುವ ಹೊಣೆಯನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ವಹಿಸಿ. ವೈದ್ಯರೇ ಹೇಳಹೊರಟರೆ "ಕೇಸಿನಿಂದ ತಪ್ಪಿಸಿಕೊಳ್ಳಲು ಚಿಕಿತ್ಸೆಯ ನಾಟಕ" ಎಂಬ ಅನುಮಾನ ಎರಡೂ ಕಡೆ ಹುಟ್ಟುತ್ತದೆ.

ಮೊದಲ ಹೆಜ್ಜೆ: ಒಳಬಂದ ದಿನವೇ ಕೇಳಿ

ಪ್ರವೇಶದ ವೇಳೆ ಆರೋಗ್ಯ ತಪಾಸಣೆಗೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ರೂಪಿಸಿದ ನಮೂನೆ ಇದೆ. ಅದನ್ನು ತುಂಬುವುದು ಹಲವೆಡೆ ಗುಮಾಸ್ತಿಕೆಯ ಕೆಲಸವಾಗಿಬಿಟ್ಟಿದೆ. ಸಾಲಾಗಿ ನಿಲ್ಲಿಸಿ, ಉಳಿದವರೆಲ್ಲರ ಎದುರು "ಏನಾದರೂ ಚಟ ಇದೆಯಾ?" ಎಂದು ಕೇಳಿದರೆ ಯಾರೂ ಹೌದೆನ್ನುವುದಿಲ್ಲ. ಒಬ್ಬೊಬ್ಬರನ್ನೇ, ವಾರ್ಡರ್ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ ಆದರೆ ಮಾತು ಕೇಳಿಸದಷ್ಟು ದೂರದಲ್ಲಿ ಕೂರಿಸಿ ಕೇಳಿ. ಮೊದಲ ವಾಕ್ಯ ಹೀಗಿರಲಿ: "ನೀವು ಇಲ್ಲಿ ಹೇಳುವುದು ನಿಮ್ಮ ಕೇಸಿನ ಕಡತಕ್ಕೆ ಹೋಗುವುದಿಲ್ಲ. ರಾತ್ರಿ ನಿಮಗೆ ತೊಂದರೆಯಾಗಬಾರದೆಂದು ಕೇಳುತ್ತಿದ್ದೇನೆ." ಆ ಮಾತನ್ನು ಉಳಿಸಿಕೊಳ್ಳುವ ವ್ಯವಸ್ಥೆ ಇಲ್ಲದಿದ್ದರೆ ಹೇಳಲೇಬೇಡಿ.

ಪ್ರಶ್ನೆಗಳು ಜನರ ಲೆಕ್ಕದಲ್ಲೇ ಇರಬೇಕು. ಮಿಲಿಲೀಟರ್ ಕೇಳಿದರೆ ಉತ್ತರ ಬರುವುದಿಲ್ಲ. "ದಿನಕ್ಕೆ ಎಷ್ಟು ನೈಂಟಿ? ಎಷ್ಟು ಕ್ವಾರ್ಟರ್?" ಎಂದರೆ ಥಟ್ಟನೆ ಬರುತ್ತದೆ. ಮದ್ಯದ ಬಗ್ಗೆ ಮುಖ್ಯವಾದವು ನಾಲ್ಕು: ಕೊನೆಯ ಸಲ ಕುಡಿದದ್ದು ಯಾವಾಗ, ಬೆಳಿಗ್ಗೆ ಎದ್ದ ಕೂಡಲೇ ಬೇಕಾಗುತ್ತಿತ್ತೇ, ಹಿಂದೆ ಕುಡಿತ ನಿಂತಾಗ ಫಿಟ್ಸ್ ಬಂದಿತ್ತೇ, ಇಲ್ಲದ್ದು ಕಂಡದ್ದು, ಕೇಳಿಸಿದ್ದು ಉಂಟೇ. ನಂತರ ಬೀಡಿ, ಗುಟ್ಕಾ, ಕಡ್ಡಿಪುಡಿ, ಗಾಂಜಾ, ನಿದ್ರೆ ಮಾತ್ರೆ, ನೋವಿನ ಮಾತ್ರೆ, ಸೂಜಿ ಇವುಗಳ ಬಗ್ಗೆ ಒಂದೊಂದಾಗಿ ಕೇಳಿ. ಟ್ಯಾಪೆಂಟಡಾಲ್‌ನಂಥ ನೋವಿನ ಮಾತ್ರೆಯನ್ನು ನಶೆಗೆ ಬಳಸುವವರು "ಡ್ರಗ್ಸ್ ಇಲ್ಲ" ಎಂದೇ ಹೇಳುತ್ತಾರೆ. ಅವರ ಲೆಕ್ಕದಲ್ಲಿ ಅದು ಮೆಡಿಕಲ್ ಶಾಪಿನ ಮಾತ್ರೆ. ಕುಡಿತ ಮತ್ತು ಮಾದಕ ಬಳಕೆಯನ್ನು ಅಳೆಯುವ ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಮತ್ತು ಅಸಿಸ್ಟ್ ಪ್ರಶ್ನಾವಳಿಗಳನ್ನು ಒಂದೆರಡು ದಿನ ಕಳೆದು ಸಮಾಧಾನವಾಗಿ ತುಂಬಿದರೂ ನಡೆಯುತ್ತದೆ. ಮೊದಲ ದಿನಕ್ಕೆ ಮೇಲಿನ ಪ್ರಶ್ನೆಗಳು ಸಾಕು.

ಬಾಯಿಮಾತಿನಷ್ಟೇ ಕಣ್ಣಳತೆಯೂ ಮುಖ್ಯ. ಎರಡೂ ಕೈ ಮುಂದಕ್ಕೆ ಚಾಚಿ ಬೆರಳು ಬಿಡಿಸಲು ಹೇಳಿ, ಬೆರಳ ಬೆನ್ನ ಮೇಲೆ ಒಂದು ಹಾಳೆ ಇಡಿ. ಬರಿಗಣ್ಣಿಗೆ ಕಾಣದ ನಡುಕ ಹಾಳೆಯ ಅಂಚಿನಲ್ಲಿ ಕಾಣುತ್ತದೆ. ಹಣೆಯ ಬೆವರು, ನಾಡಿಯ ವೇಗ, ರಕ್ತದೊತ್ತಡ, ಕಣ್ಣಿನ ಪಾಪೆಯ ಗಾತ್ರ, ತೋಳಿನ ಸೂಜಿ ಗುರುತು, ಆಕಳಿಕೆ, ಮೂಗು ಸೋರುವುದು, ಇಷ್ಟನ್ನು ನೋಡಲು ಐದು ನಿಮಿಷ ಸಾಲುತ್ತದೆ.

ಇಲ್ಲೊಂದು ಲೆಕ್ಕವನ್ನು ಎಲ್ಲ ಸಿಬ್ಬಂದಿಗೂ ತಿಳಿಸಬೇಕು. ಬಂಧಿತನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸುತ್ತಾರೆ. ಅಲ್ಲಿಂದ ಜೈಲಿಗೆ ಬರುವಾಗ ಸಂಜೆ ಆಗಿರುತ್ತದೆ. ಅಂದರೆ ಅವನು ನಿಮ್ಮ ಬಾಗಿಲಿಗೆ ಬರುವ ವೇಳೆಗೆ ಕೊನೆಯ ಗುಟುಕು ಕುಡಿದು ಬಹುಮಟ್ಟಿಗೆ ಒಂದು ದಿನ ಕಳೆದಿರುತ್ತದೆ. ಮದ್ಯ ನಿಂತಾಗ ಬರುವ ಫಿಟ್ಸ್‌ಗೆ ಹೆಚ್ಚಿನ ಅಪಾಯವಿರುವುದು ಕೊನೆಯ ಕುಡಿತದ 6ರಿಂದ 48 ಗಂಟೆಗಳ ನಡುವೆ. ಸನ್ನಿ ಏಳುವುದು ಸಾಮಾನ್ಯವಾಗಿ 48ರಿಂದ 96 ಗಂಟೆಗಳ ನಡುವೆ. ಇವೆರಡೂ ಬೀಳುವುದು ಜೈಲಿನ ಮೊದಲ ಕೆಲವು ರಾತ್ರಿಗಳಲ್ಲಿ.

ಎರಡನೇ ಹೆಜ್ಜೆ: ಬೀಗ ಬಿದ್ದ ಮೇಲಿನ ರಾತ್ರಿಗಳು

ಸಂಜೆ ಎಣಿಕೆ ಮುಗಿದು ಬ್ಯಾರಕ್‌ಗೆ ಬೀಗ ಬಿದ್ದರೆ ಮತ್ತೆ ತೆಗೆಯುವುದು ಬೆಳಿಗ್ಗೆ. ವೈದ್ಯರು ಮನೆಗೆ ಹೋಗಿರುತ್ತಾರೆ. ನೂರಾರು ಜನರ ಬ್ಯಾರಕ್‌ನಲ್ಲಿ ಮೂಲೆಯಲ್ಲಿ ಮಲಗಿದವನು ಅಸಂಬದ್ಧವಾಗಿ ಮಾತನಾಡುತ್ತಿದ್ದರೆ ಪಕ್ಕದವರು ಬೈದು ಸುಮ್ಮನಾಗಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಜೈಲಿನ ವ್ಯಸನ ಚಿಕಿತ್ಸೆಯಲ್ಲಿ ಅತಿ ಹೆಚ್ಚು ಜೀವ ಉಳಿಸುವ ಕೆಲಸ ಔಷಧದ ಕಪಾಟಿನಲ್ಲಿ ಇಲ್ಲ, ರಾತ್ರಿಯ ಕೀಲಿಕೈ ಯಾರ ಬಳಿ ಇರುತ್ತದೆ ಎಂಬ ಸಣ್ಣ ಆಡಳಿತಾತ್ಮಕ ನಿರ್ಧಾರದಲ್ಲಿದೆ.

ಆದ್ದರಿಂದ ಅಪಾಯವಿರುವ ಹೊಸಬರನ್ನು ಐದು ದಿನ ಆಸ್ಪತ್ರೆ ವಿಭಾಗದಲ್ಲಿ, ಅದು ತುಂಬಿದ್ದರೆ ಅದರ ಪಕ್ಕದ ಕೋಣೆಯಲ್ಲಿ ಇರಿಸಿ. ಅವರ ಹೆಸರುಗಳ ಪಟ್ಟಿ ಪ್ರತಿ ಸಂಜೆ ರಾತ್ರಿ ಪಾಳಿಯ ವಾರ್ಡರ್ ಕೈ ಸೇರಲಿ. ಮಧ್ಯರಾತ್ರಿ ಬೀಗ ತೆಗೆಸಲು ಯಾರಿಗೆ ಫೋನ್ ಮಾಡಬೇಕು, ಆಂಬುಲೆನ್ಸ್ ಬರಲು ಎಷ್ಟು ಹೊತ್ತು ಬೇಕು, ಬೆಂಗಾವಲಿಗೆ ಪೊಲೀಸರು ಸಿಗದಿದ್ದರೆ ಏನು ಮಾಡಬೇಕು ಎಂಬುದನ್ನು ಅಧೀಕ್ಷಕರು ಲಿಖಿತವಾಗಿ ನಿರ್ಧರಿಸಿ ಗೋಡೆಗೆ ಅಂಟಿಸಬೇಕು. ಬೆಂಗಾವಲಿಗಾಗಿ ಕಾಯುತ್ತ ಕಳೆದ ಎರಡು ಗಂಟೆ ಒಬ್ಬ ಮನುಷ್ಯನ ಆಯುಷ್ಯವಾಗಬಹುದು.

ವಾರ್ಡರ್‌ಗಳಿಗೆ ಅರ್ಧ ದಿನದ ತರಬೇತಿ ಕೊಡಿ. ಫಿಟ್ಸ್ ಬಂದವನ ಕೈಗೆ ಕಬ್ಬಿಣ ಅಥವಾ ಬೀಗದ ಕೈ ಕೊಡುವ, ಮೂಗಿಗೆ ಈರುಳ್ಳಿ ಹಿಡಿಯುವ, ಹಲ್ಲಿನ ನಡುವೆ ಚಮಚ ತುರುಕುವ ಅಭ್ಯಾಸ ನಮ್ಮಲ್ಲಿ ಇನ್ನೂ ಹೋಗಿಲ್ಲ. ಮಗ್ಗುಲಿಗೆ ಮಲಗಿಸಿ, ತಲೆಯ ಕೆಳಗೆ ಮಡಚಿದ ಹೊದಿಕೆ ಇಟ್ಟು, ಬಾಯಿಗೆ ಏನನ್ನೂ ಹಾಕದೆ, ಎಷ್ಟು ಹೊತ್ತು ನಡೆಯಿತೆಂದು ಗಡಿಯಾರ ನೋಡಿದರೆ ಅವರ ಪಾಲಿನ ಕೆಲಸ ಮುಗಿಯಿತು. ಸನ್ನಿ ಹಿಡಿದವನು ಗೋಡೆಯ ಮೇಲೆ ಹುಳ ಹರಿಯುತ್ತಿದೆ ಎನ್ನುತ್ತಾನೆ, ಇಲ್ಲದವರೊಂದಿಗೆ ಜಗಳವಾಡುತ್ತಾನೆ, ತಾನು ಎಲ್ಲಿದ್ದೇನೆಂದು ತಿಳಿಯದೆ ಓಡಲು ನೋಡುತ್ತಾನೆ. ಇದನ್ನು ಅಶಿಸ್ತೆಂದು ತಿಳಿದು ಹೊಡೆದ, ಒಂಟಿ ಕೋಣೆಗೆ ತಳ್ಳಿದ ಘಟನೆಗಳಿಗೆ ಕೊನೆ ಹಾಡಲೇಬೇಕು. ಅದು ದೊಡ್ಡ ಆಸ್ಪತ್ರೆಗೆ ಸಾಗಿಸಬೇಕಾದ ತುರ್ತು ಸ್ಥಿತಿ.

ವೈದ್ಯರ ಪಾಲಿಗೆ ಬಂದರೆ, ಮದ್ಯ ನಿಂತಾಗ ಏಳುವ ಸಂಕಟಕ್ಕೆ, ಅಂದರೆ ಮದ್ಯದ ವಿತ್‌ಡ್ರಾಯಲ್‌ಗೆ ಡಯಾಜೆಪಾಮ್ ಅಥವಾ ಕ್ಲೋರ್‌ಡಯಾಜೆಪಾಕ್ಸೈಡ್, ಯಕೃತ್ತು ಹಾಳಾಗಿದ್ದರೆ ಲೊರಾಜೆಪಾಮ್ ಕೊಟ್ಟು, ಐದರಿಂದ ಏಳು ದಿನಗಳಲ್ಲಿ ಇಳಿಸುತ್ತ ಬರುವುದು ರೂಢಿ. ಈ ಸಂಕಟದ ತೀವ್ರತೆಯನ್ನು ಅಳೆಯುವ ಸಿವಾ ಮಾಪಕದಲ್ಲಿ ಅಂಕ ಬರೆದಿಟ್ಟರೆ ಔಷಧ ಕಡಿಮೆಯಾಯಿತೇ ಹೆಚ್ಚಾಯಿತೇ ಎಂಬುದು ಪಾಳಿ ಬದಲಾದರೂ ತಿಳಿಯುತ್ತದೆ. ಥಯಾಮಿನ್ (ವಿಟಮಿನ್ ಬಿ1) ಅನ್ನು ಮರೆಯಬೇಡಿ. ದೀರ್ಘಕಾಲ ಕುಡಿದು, ಸರಿಯಾಗಿ ಉಣ್ಣದೆ ಬಂದವನಿಗೆ "ಸುಸ್ತು" ಎಂದು ನೇರವಾಗಿ ಗ್ಲೂಕೋಸ್ ಡ್ರಿಪ್ ಹಾಕಿದರೆ, ಇದ್ದಬದ್ದ ಥಯಾಮಿನ್ ಕೂಡ ಖರ್ಚಾಗಿ ಮೆದುಳಿಗೆ ಶಾಶ್ವತ ಹಾನಿಯಾಗಬಹುದು. ಡ್ರಿಪ್‌ಗೆ ಮೊದಲು ಥಯಾಮಿನ್ ಚುಚ್ಚುಮದ್ದು ಎಂಬ ನಿಯಮ ನರ್ಸ್ ಮೇಜಿನ ಮೇಲೆ ದೊಡ್ಡ ಅಕ್ಷರಗಳಲ್ಲಿರಲಿ. ನಿದ್ರೆ ಮಾತ್ರೆಗೆ ಒಗ್ಗಿದವರಿಗೂ ಹಠಾತ್ತನೆ ನಿಂತರೆ ಫಿಟ್ಸ್ ಬರುತ್ತದೆ. ಅವರ ಔಷಧವನ್ನು ವಾರಗಳ ಅವಧಿಯಲ್ಲಿ ನಿಧಾನವಾಗಿ ಇಳಿಸಬೇಕು.

ಮೊದಲ ವಾರ ಆತ್ಮಹತ್ಯೆಯ ಅಪಾಯವೂ ಹೆಚ್ಚು. ಬಂಧನದ ಅವಮಾನ, ಮನೆಯವರು ನೋಡಲು ಬಾರದ ನೋವು, ಅದರ ಮೇಲೆ ಮೈಯೆಲ್ಲ ಹಿಂಡುವ ಸಂಕಟ. ನೇರವಾಗಿ ಕೇಳಿ, ಕೇಳಿದರೆ ಯೋಚನೆ ತಲೆಗೆ ಬರುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ.

ಮೂರನೇ ಹೆಜ್ಜೆ: ಹೆರಾಯಿನ್ ಮತ್ತು ನೋವಿನ ಮಾತ್ರೆಯವರಿಗೆ ಬದಲಿ ಔಷಧ

ಅಫೀಮು ಗುಂಪಿನ ಮಾದಕ ನಿಂತಾಗ ಆಗುವ ಸಂಕಟದಿಂದ ಜೀವ ಹೋಗುವುದು ಅಪರೂಪ. ವಾಂತಿ ಭೇದಿಯಿಂದ ನಿತ್ರಾಣವಾದವರನ್ನು ಕಡೆಗಣಿಸಿದರೆ ಅದೂ ಆಗುತ್ತದೆ. ಹತ್ತು ದಿನ ಕಳೆದರೆ ದೇಹ ಶಾಂತವಾಗುತ್ತದೆ. ಅಲ್ಲಿಗೆ ಚಿಕಿತ್ಸೆ ಮುಗಿಯಿತೆಂದು ಭಾವಿಸುವುದರಿಂದಲೇ ಬಿಡುಗಡೆಯ ನಂತರದ ಸಾವುಗಳು ಆಗುತ್ತವೆ. ದೇಹದ ತಾಳಿಕೆ ಇಳಿದಿರುತ್ತದೆ, ಮನಸ್ಸಿನ ಸೆಳೆತ ಹಾಗೆಯೇ ಉಳಿದಿರುತ್ತದೆ.

ಇದಕ್ಕೆ ಸಾಬೀತಾದ ಉತ್ತರ ಬದಲಿ ಔಷಧಗಳಾದ ಬೂಪ್ರೆನಾರ್ಫಿನ್ ಅಥವಾ ಮೆಥಡೋನ್ ಕೊಟ್ಟು ದೀರ್ಘಕಾಲ ಮುಂದುವರಿಸುವುದು. ದೆಹಲಿಯ ತಿಹಾರ್ ಜೈಲಿನಲ್ಲಿ 2008ರಲ್ಲೇ ಏಮ್ಸ್ ನೆರವಿನಿಂದ ಬೂಪ್ರೆನಾರ್ಫಿನ್ ಚಿಕಿತ್ಸೆ ಶುರುವಾಯಿತು. ಪಂಜಾಬ್ ತನ್ನ ಜೈಲುಗಳಲ್ಲೂ ಬೂಪ್ರೆನಾರ್ಫಿನ್-ನಲಾಕ್ಸೋನ್ ಕೊಡುವ ಕ್ಲಿನಿಕ್‌ಗಳನ್ನು ತೆರೆದಿದೆ. ಇಂಗ್ಲೆಂಡಿನಲ್ಲಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬದಲಿ ಔಷಧದ ಮೇಲಿದ್ದು ಬಿಡುಗಡೆಯಾದವರಲ್ಲಿ ಮೊದಲ ತಿಂಗಳ ಸಾವಿನ ಅಪಾಯ ಸುಮಾರು ಶೇ 75ರಷ್ಟು ಕಡಿಮೆಯಿತ್ತು. "ಒಂದು ನಶೆ ಬಿಡಿಸಿ ಇನ್ನೊಂದು ನಶೆ ಕೊಡುತ್ತೀರಿ" ಎಂದು ಆಕ್ಷೇಪಿಸುವ ಅಧಿಕಾರಿಗೆ ಈ ಅಂಕಿಯನ್ನು ತೋರಿಸಿ.

ಬೂಪ್ರೆನಾರ್ಫಿನ್ ಕೊಡುವ ಕ್ರಮ ಹೀಗೆ. ವಿತ್‌ಡ್ರಾಯಲ್ ಲಕ್ಷಣಗಳು ಚೆನ್ನಾಗಿ ಕಾಣಿಸಿಕೊಳ್ಳುವವರೆಗೆ ಕಾಯಬೇಕು. ಮೊದಲೇ ಕೊಟ್ಟರೆ ಔಷಧವೇ ಸಂಕಟವನ್ನು ಹಠಾತ್ತನೆ ತರುತ್ತದೆ. ಮೊದಲ ದಿನ ಸಾಮಾನ್ಯವಾಗಿ 2ರಿಂದ 4 ಮಿಲಿಗ್ರಾಂ ಕೊಟ್ಟು ನೋಡಿ, ಮುಂದಿನ ದಿನಗಳಲ್ಲಿ ಏರಿಸುತ್ತಾರೆ. ಕಿಟಕಿಯ ಎದುರು ಒಬ್ಬೊಬ್ಬರೇ ಬರಲಿ. ಮೊದಲು ಒಂದು ಗುಟುಕು ನೀರು, ಬಾಯಿ ಒದ್ದೆಯಾಗಲೆಂದು. ಮಾತ್ರೆಯನ್ನು ಪುಡಿಮಾಡಿ ನಾಲಿಗೆಯ ಕೆಳಗೆ ನರ್ಸ್ ಹಾಕಬೇಕು. ಪುಡಿ ಪೂರ್ತಿ ಕರಗುವವರೆಗೆ, ಐದರಿಂದ ಹತ್ತು ನಿಮಿಷ, ಎದುರಿನ ಬೆಂಚಿನಲ್ಲಿ ಕೈಗಳನ್ನು ಮೊಣಕಾಲ ಮೇಲಿಟ್ಟು ಕೂರಲಿ. ನಂತರ ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸಿ, ಮತ್ತೆ ನೀರು ಕುಡಿದು, ಹೆಸರು ಹೇಳಿ ಹೋಗಲಿ. ಹೀಗೆ ಮಾಡದಿದ್ದರೆ ಮಾತ್ರೆ ಬಾಯಿಯಲ್ಲೇ ಹೊರಗೆ ಹೋಗಿ ಬ್ಯಾರಕ್‌ನಲ್ಲಿ ಮಾರಾಟವಾಗುತ್ತದೆ. ಕೆಲವರನ್ನು ಹೆದರಿಸಿ ಮಾತ್ರೆ ತರಿಸಿಕೊಳ್ಳುವ ಬಲಿಷ್ಠರೂ ಇರುತ್ತಾರೆ. ದಾಸ್ತಾನು ಪುಸ್ತಕಕ್ಕೆ ಪ್ರತಿದಿನ ಇಬ್ಬರ ಸಹಿ ಇರಲಿ. ಒಬ್ಬಿಬ್ಬರು ಮಾತ್ರೆ ಅಡಗಿಸಿದರೆಂದು ಇಡೀ ಕಾರ್ಯಕ್ರಮವನ್ನೇ ನಿಲ್ಲಿಸುವುದು ಅನ್ಯಾಯ. ಆ ವ್ಯಕ್ತಿಯ ಮೇಲೆ ನಿಗಾ ಹೆಚ್ಚಿಸಿ, ಯಾರ ಒತ್ತಡವಿದೆಯೆಂದು ವಿಚಾರಿಸಿ.

ಹೊರಗೆ ಈಗಾಗಲೇ ಬದಲಿ ಔಷಧದ ಮೇಲಿದ್ದವನು ಬಂಧನಕ್ಕೊಳಗಾಗಿ ಬಂದರೆ, ಅದೇ ದಿನ ಅವನ ಕೇಂದ್ರಕ್ಕೆ ಫೋನ್ ಮಾಡಿ ಪ್ರಮಾಣವನ್ನೂ ಕೊನೆಯ ದಿನಾಂಕವನ್ನೂ ಖಚಿತಪಡಿಸಿಕೊಂಡು ಮುಂದುವರಿಸಿ. ಗರ್ಭಿಣಿಯರಲ್ಲಿ ಇದನ್ನು ಹಠಾತ್ತನೆ ನಿಲ್ಲಿಸುವುದು ಮಗುವಿಗೆ ಅಪಾಯ. ಅವರನ್ನು ಸ್ತ್ರೀರೋಗ ತಜ್ಞರ ಜೊತೆಗೂಡಿಯೇ ನೋಡಿಕೊಳ್ಳಬೇಕು. ಸೂಜಿ ಬಳಸಿದವರಿಗೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಕ್ಷಯ ಪರೀಕ್ಷೆಗಳನ್ನು ಒಪ್ಪಿಗೆ ಪಡೆದು ಮಾಡಿಸಿ. ಹೆಪಟೈಟಿಸ್‌ಗೆ 2018ರಿಂದ ರಾಷ್ಟ್ರೀಯ ಕಾರ್ಯಕ್ರಮದಡಿ ಉಚಿತ ಚಿಕಿತ್ಸೆಯಿದೆ.

ಬೀಡಿ ಮತ್ತು ಗಾಂಜಾ

ಜೈಲಿನಲ್ಲಿ ಬೀಡಿ ಹಣದಂತೆ ಚಲಾವಣೆಯಾಗುತ್ತದೆ, ಹಾಗಾಗಿ ಅದನ್ನು ಬಿಡಿಸುವುದು ಎಲ್ಲಕ್ಕಿಂತ ಕಷ್ಟ. ನಿಕೋಟಿನ್ ಚೂಯಿಂಗ್ ಗಮ್ ಮತ್ತು ಸಣ್ಣ ಸಲಹೆ ನೀಡಿ. ಬಯಸಿದವರಿಗೆ ಧೂಮರಹಿತ ಕೋಣೆಯೊಂದಿದ್ದರೆ ಇನ್ನೂ ಒಳ್ಳೆಯದು. ಗಾಂಜಾ ಬಿಟ್ಟವರಿಗೆ ಸಿಟ್ಟು, ನಿದ್ರೆಗೇಡು ಒಂದೆರಡು ವಾರ ಇರುತ್ತದೆ. ಅನುಮಾನ, ಭ್ರಮೆ ಮುಂದುವರಿದರೆ ಮನೋವೈದ್ಯರಿಗೆ ತೋರಿಸಿ.

ನಾಲ್ಕನೇ ಹೆಜ್ಜೆ: ಮಾತು, ಗುಂಪು, ಗುಟ್ಟು

ಪೂರ್ಣಕಾಲಿಕ ಮನೋವೈದ್ಯರು ಹೆಚ್ಚಿನ ಜೈಲುಗಳಲ್ಲಿ ಇಲ್ಲ. ಕರ್ನಾಟಕದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವನ್ನು ವಾರಕ್ಕೊಂದು ದಿನ ಕರೆಸಿಕೊಳ್ಳಲು ಜಿಲ್ಲಾ ಆರೋಗ್ಯಾಧಿಕಾರಿಗೆ ಪತ್ರ ಬರೆಯಿರಿ. ಕಷ್ಟದ ಪ್ರಕರಣಗಳಿಗೆ ಮಾನಸಿಕ ಆರೋಗ್ಯ ಸಂಸ್ಥೆಗಳಾದ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಧಾರವಾಡದ ಡಿಮ್ಹಾನ್ಸ್ ಇವೆ. ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ ಐದು ಸಾವಿರಕ್ಕೂ ಹೆಚ್ಚು ಕೈದಿಗಳನ್ನು ಒಳಗೊಂಡ ಮಾನಸಿಕ ಆರೋಗ್ಯ ಮತ್ತು ವ್ಯಸನದ ಅಧ್ಯಯನವನ್ನು ನಿಮ್ಹಾನ್ಸ್ ನಡೆಸಿ 2011ರಲ್ಲಿ ಪ್ರಕಟಿಸಿದೆ. ಹೊಸದಾಗಿ ಯೋಜನೆ ರೂಪಿಸುವವರು ಅದರಿಂದಲೇ ಶುರುಮಾಡಬಹುದು.

ಆಪ್ತಸಮಾಲೋಚನೆಯಲ್ಲಿ ಉಪದೇಶ ಬೇಡ. ಹೆಂಡತಿ ಮಕ್ಕಳ ಮುಖ ನೋಡಿಯಾದರೂ ಬಿಡು ಎಂಬ ಮಾತನ್ನು ಅವನು ನೂರು ಸಲ ಕೇಳಿದ್ದಾನೆ. "ಕುಡಿತದಿಂದ ನಿಮಗೆ ಸಿಗುತ್ತಿದ್ದುದೇನು?" ಎಂದು ಕೇಳಿ ನೋಡಿ, ಮಾತು ಬೇರೆ ದಾರಿ ಹಿಡಿಯುತ್ತದೆ. ಹೊರಗೆ ಯಾವ ಗೆಳೆಯ, ಯಾವ ಅಂಗಡಿ, ಯಾವ ಹೊತ್ತು, ಕೈಯಲ್ಲಿ ಎಷ್ಟು ದುಡ್ಡು ಇದ್ದಾಗ ಕಾಲು ಅತ್ತ ಹೋಗುತ್ತದೆ ಎಂಬುದನ್ನು ಅವನಿಂದಲೇ ಹೇಳಿಸಿ, ಪ್ರತಿಯೊಂದಕ್ಕೂ ಏನು ಮಾಡುತ್ತಾನೆಂದು ಬರೆಸಿ.

ಗುಂಪು ಸಭೆಗೆ ಎಂಟು ಹತ್ತು ಜನ ಸಾಕು, ಎದುರಾಳಿ ಗುಂಪಿನವರನ್ನು ಒಟ್ಟಿಗೆ ಕೂರಿಸಬೇಡಿ. ಒಂದು ನಿಯಮ ಕಡ್ಡಾಯವಾಗಿರಲಿ: ಕೇಸಿನ ಮಾತು ಗುಂಪಿನಲ್ಲಿ ಆಡಬಾರದು. ವಿಚಾರಣಾಧೀನ ಕೈದಿ ಭಾವುಕನಾಗಿ ಅಂದು ಏನಾಯಿತೆಂದು ಹೇಳಿಬಿಟ್ಟರೆ, ಕೇಳಿದವರಲ್ಲಿ ಒಬ್ಬ ನಾಳೆ ಸಾಕ್ಷಿಯಾಗಬಹುದು. ಚಿಕಿತ್ಸೆಯಲ್ಲಿ ಗಟ್ಟಿಯಾಗಿ ನಿಂತ ಸಜಾ ಕೈದಿಗಳನ್ನು ಸಹವರ್ತಿ ಬೆಂಬಲಿಗರಾಗಿ ಬೆಳೆಸುವುದರಿಂದ ಬಹಳ ಪ್ರಯೋಜನವಿದೆ, ಏಕೆಂದರೆ ರಾತ್ರಿ ಬ್ಯಾರಕ್‌ನಲ್ಲಿ ಇರುವವರು ಅವರೇ. ಆದರೆ ಔಷಧ ಹಂಚುವ ಕೆಲಸ ಮಾತ್ರ ಯಾವ ಕೈದಿಗೂ ಬೇಡ.

ಮೂತ್ರ ಪರೀಕ್ಷೆಯನ್ನು ಚಿಕಿತ್ಸೆಯ ಸಾಧನವಾಗಿ ಮಾತ್ರ ಬಳಸಿ. ಫಲಿತಾಂಶ ಬಂದ ಕೂಡಲೇ ಸಂದರ್ಶನ ರದ್ದು, ಶಿಕ್ಷಾ ವಿನಾಯಿತಿ ಕಡಿತ ಎಂದಾದರೆ ಮರುದಿನದಿಂದ ಕ್ಲಿನಿಕ್‌ಗೆ ಯಾರೂ ಬರುವುದಿಲ್ಲ. ಭದ್ರತೆಗಾಗಿ ತಪಾಸಣೆ ಮಾಡುವುದಿದ್ದರೆ ಜೈಲು ಆಡಳಿತ ಅದನ್ನು ಬೇರೆಯಾಗಿ ಮಾಡಲಿ, ಆ ಕೆಲಸಕ್ಕೆ ಚಿಕಿತ್ಸಾ ತಂಡ ಸೇರಬಾರದು.

ಐದನೇ ಹೆಜ್ಜೆ: ಬಿಡುಗಡೆಯ ಸಿದ್ಧತೆ ಮೊದಲ ವಾರವೇ

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ಅಂಕಿ ಪ್ರಕಾರ ದೇಶದ ಕೈದಿಗಳಲ್ಲಿ ಶೇ 75.8ರಷ್ಟು ಮಂದಿ ವಿಚಾರಣಾಧೀನರು. ಅವರ ಬಿಡುಗಡೆಗೆ ನಿಗದಿತ ದಿನವಿಲ್ಲ. ಮಧ್ಯಾಹ್ನ ಜಾಮೀನು ಸಿಕ್ಕಿ, ಸಂಜೆ ಆದೇಶ ತಲುಪಿ, ಕತ್ತಲಾಗುವಾಗ ಕೈಯಲ್ಲೊಂದು ಚೀಲ ಹಿಡಿದು ಗೇಟಿನ ಹೊರಗೆ ನಿಂತಿರುತ್ತಾರೆ. ಆ ಹೊತ್ತಿಗೆ ಕ್ಲಿನಿಕ್ ಮುಚ್ಚಿರುತ್ತದೆ. ಆದ್ದರಿಂದ ಚಿಕಿತ್ಸೆ ಶುರುವಾದ ಮೊದಲ ವಾರವೇ ಪ್ರತಿಯೊಬ್ಬರಿಗೂ ಒಂದು ಲಕೋಟೆ ಸಿದ್ಧಪಡಿಸಿ ಗೇಟಿನ ಕಚೇರಿಯಲ್ಲಿಡಿ. ಅದರಲ್ಲಿ ಔಷಧದ ಹೆಸರು, ಪ್ರಮಾಣ, ಮನೆಗೆ ಹತ್ತಿರದ ಸರ್ಕಾರಿ ಆಸ್ಪತ್ರೆ ಅಥವಾ ಬದಲಿ ಔಷಧ ಕೇಂದ್ರದ ವಿಳಾಸ, ಅಲ್ಲಿಗೆ ವರ್ಗಾವಣೆ ಪತ್ರ, ಟೆಲಿ ಮಾನಸ್ ಸಹಾಯವಾಣಿ 14416 ಮತ್ತು ವ್ಯಸನಮುಕ್ತಿ ಸಹಾಯವಾಣಿ 14446 ಇರಲಿ. ಪತ್ರದ ಮೇಲೆ ಜೈಲಿನ ಮೊಹರು ಬೇಡ; ಊರಿನ ಆಸ್ಪತ್ರೆಯ ಕಿಟಕಿಯಲ್ಲಿ ಅದನ್ನು ತೋರಿಸಲು ನಾಚಿ ಎಷ್ಟೋ ಜನ ಹೋಗುವುದೇ ಇಲ್ಲ. ವೈದ್ಯರ ಹೆಸರು ಮತ್ತು ನೋಂದಣಿ ಸಂಖ್ಯೆ ಸಾಕು. ಮನೆಗೆ ಕೊಡಬಹುದಾದ ಔಷಧವಾದರೆ ಒಂದು ವಾರದ್ದನ್ನು ಜೊತೆಗೆ ಕೊಡಿ. ಕೋರ್ಟಿಗೆ ಹೋಗುವ ದಿನಗಳಂದು ಬೆಳಗಿನ ಡೋಸ್ ವ್ಯಾನ್ ಹತ್ತುವ ಮೊದಲೇ ಸಿಗಬೇಕು, ಏಕೆಂದರೆ ಅವರು ಅಂದೇ ಅಲ್ಲಿಂದಲೇ ಬಿಡುಗಡೆಯ ದಾರಿ ಹಿಡಿಯಬಹುದು.

ಕುಡಿತಕ್ಕೆ ಮರಳುವ ಸೆಳೆತ ತಗ್ಗಿಸಲು ನಾಲ್ಟ್ರೆಕ್ಸೋನ್ ಅಥವಾ ಅಕಾಂಪ್ರೊಸೇಟ್ ಶುರುಮಾಡುವುದಿದ್ದರೆ ಬಿಡುಗಡೆಗೆ ಮೊದಲೇ ಮಾಡುವುದು ಒಳಿತು. ಕುಡಿದರೆ ಮೈಗೆ ತೀವ್ರ ತೊಂದರೆ ತರುವ ಡೈಸಲ್ಫಿರಾಮ್ ಅನ್ನು ರೋಗಿ ಅರಿತು ಒಪ್ಪಿದಾಗ, ಮನೆಯಲ್ಲಿ ನೋಡಿಕೊಳ್ಳುವವರಿದ್ದಾಗ ಮಾತ್ರ. ಅನ್ನ ಸಾರಿನಲ್ಲಿ ಗುಟ್ಟಾಗಿ ಬೆರೆಸುವಂತೆ ಕೇಳುವ ಮನೆಯವರಿಗೆ, ಅದರ ಮೇಲೆ ಕುಡಿದರೆ ಪ್ರಾಣಕ್ಕೆ ಸಂಚಕಾರ ಎಂದು ಸ್ಪಷ್ಟವಾಗಿ ಹೇಳಿ.

ಕೊನೆಯ ಭೇಟಿಯಲ್ಲಿ, ಹೆರಾಯಿನ್ ಅಥವಾ ನೋವಿನ ಮಾತ್ರೆ ಬಳಸಿದವರಿಗೆ ಮುಚ್ಚುಮರೆಯಿಲ್ಲದೆ ತಿಳಿಸಿ: "ನಿಮ್ಮ ದೇಹ ಈಗ ಹಳೆಯ ಅಳತೆಯನ್ನು ತಾಳುವುದಿಲ್ಲ. ಮೊದಲಿನಷ್ಟೇ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. ಕುಡಿತದ ಜೊತೆ, ನಿದ್ರೆ ಮಾತ್ರೆಯ ಜೊತೆ ಸೇರಿದರೆ ಅಪಾಯ ಇನ್ನೂ ಹೆಚ್ಚು." ಇದೇ ಮಾತನ್ನು ಸಂದರ್ಶನಕ್ಕೆ ಬರುವ ತಾಯಿಗೋ ಹೆಂಡತಿಗೋ, ಅವನ ಒಪ್ಪಿಗೆ ಪಡೆದು, ತಿಳಿಸಿ: ಗೊರಕೆಯಂಥ ವಿಚಿತ್ರ ಉಸಿರು, ನೀಲಿಗಟ್ಟಿದ ತುಟಿ, ಅಲುಗಿಸಿದರೂ ಏಳದಿರುವುದು ಕಂಡರೆ ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆಮಾಡಬೇಕು. ನಿದ್ರೆ ಮಾಡುತ್ತಿದ್ದಾನೆಂದು ಬಿಟ್ಟು ಹೋಗಬಾರದು.

ಬಿಡುಗಡೆಯಾದ ಮೂರನೇ ದಿನ ಮತ್ತು ಹತ್ತನೇ ದಿನ ಫೋನ್ ಮಾಡುವ ಕೆಲಸವನ್ನು ಒಬ್ಬ ನಿರ್ದಿಷ್ಟ ಆಪ್ತಸಮಾಲೋಚಕರಿಗೆ ವಹಿಸಿ, ಪುಸ್ತಕದಲ್ಲಿ ಬರೆಸಿ. ಆಸ್ಪತ್ರೆಗೆ ಹೋದರೇ, ಔಷಧ ಸಿಕ್ಕಿತೇ, ಎಲ್ಲಿ ಮಲಗುತ್ತಿದ್ದಾರೆ ಎಂಬ ಮೂರು ಪ್ರಶ್ನೆ ಸಾಕು. ನಿಮ್ಮ ಕಾರ್ಯಕ್ರಮ ನಡೆಯುತ್ತಿದೆಯೇ ಎಂದು ಅಳೆಯಲು ಶಿಬಿರಗಳ ಸಂಖ್ಯೆ, ಪ್ರತಿಜ್ಞೆ ಮಾಡಿದವರ ಸಂಖ್ಯೆ ಬೇಡ. ಮೊದಲ ವಾರ ಎಷ್ಟು ಜನರಿಗೆ ಫಿಟ್ಸ್ ಅಥವಾ ಸನ್ನಿ ಬಂತು, ಹೊರಹೋದವರಲ್ಲಿ ಎಷ್ಟು ಜನ ಒಂದು ವಾರದೊಳಗೆ ಹೊರಗಿನ ಆಸ್ಪತ್ರೆಯ ಬಾಗಿಲಿಗೆ ತಲುಪಿದರು, ಇವೆರಡನ್ನು ಪ್ರತಿ ತಿಂಗಳು ಅಧೀಕ್ಷಕರ ಮೇಜಿನ ಮೇಲಿಡಿ. ಎರಡನೆಯ ಅಂಕಿ ಕಡಿಮೆಯಿದ್ದರೆ, ಹತ್ತಿರದ ಆಸ್ಪತ್ರೆಯ ವೈದ್ಯರನ್ನು ಒಮ್ಮೆ ಜೈಲಿಗೇ ಕರೆಸಿ, ಬಿಡುಗಡೆಗೆ ಮೊದಲೇ ಅವರಿಗೂ ಕೈದಿಗೂ ಮುಖಾಮುಖಿ ಪರಿಚಯ ಮಾಡಿಸಿ. ಗುರುತಿರುವ ವೈದ್ಯರ ಬಳಿಗೆ ಹೋಗಲು ಜನ ಹಿಂಜರಿಯುವುದು ಕಡಿಮೆ.